ಪದ್ಮಿನಿಯ ಹಿಂಬದಿ ಗಾಜು ಬದಲಿಸಿದ ಮೇಲೂ ಡಿಕ್ಕಿಗೆ ನೀರು ಇಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು 1989ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇಂದಿಗೂ ಓಡುವ ಸ್ಥಿತಿಯಲ್ಲಿದೆ. ಕಳೆದ ಬೇಸಿಗೆಯಲ್ಲಿ ತೆಂಗಿನಕಾಯಿ ಬಿದ್ದು ಹಿಂಬದಿ ಗಾಜು ಪುಡಿಪುಡಿಯಾಯಿತು. ಮಂಡ್ಯದ ಒಂದು ಗ್ಯಾರೇಜಿನಲ್ಲಿ ಗುಜರಿಯಿಂದ ತಂದ ಗಾಜನ್ನು ಹಳೆಯ ರಬ್ಬರ್ ಬೀಡಿಂಗ್‌ಗೇ ಕೂರಿಸಿ, ಸುತ್ತಲೂ ಸಿಲಿಕಾನ್ ಹಚ್ಚಿಕೊಟ್ಟರು. ಅಕ್ಟೋಬರ್ ಮಳೆ ಶುರುವಾದ ಮೇಲೆ ಡಿಕ್ಕಿಯ ಎಡಮೂಲೆಯಲ್ಲಿ ನೀರು ನಿಲ್ಲುತ್ತಿದೆ, ಹಿಂದಿನ ಸೀಟೂ ಒದ್ದೆಯಾಗುತ್ತಿದೆ. ಇನ್ನೊಮ್ಮೆ ಸಿಲಿಕಾನ್ ಹಚ್ಚಿಸಿದರೂ ಪ್ರಯೋಜನವಾಗಲಿಲ್ಲ. ಹೊಸ ಕಾರುಗಳಂತೆ ಬೀಡಿಂಗ್ ತೆಗೆದು ಅಂಟಿನಿಂದಲೇ ಗಾಜು ಕೂರಿಸಿ ಎಂದು ಒಬ್ಬರು ಹೇಳುತ್ತಾರೆ. ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಕಿದರೆ ಅಗ್ಗ ಎಂದು ಇನ್ನೊಬ್ಬರು. ಬಲಗಡೆ ಗಾಜು ಸ್ವಲ್ಪ ಬಿಗಿಯಾಗಿದೆ, ಅಂಚನ್ನು ಉಜ್ಜಿಸಿದರೆ ಸರಿಹೋಗುತ್ತದೆ ಎಂಬ ಸಲಹೆಯೂ ಬಂದಿದೆ. ಮುಂದಿನ ಬಾರಿ ಆರ್‌ಸಿ ನವೀಕರಣಕ್ಕೆ ಹೋಗುವಾಗ ತೊಂದರೆಯಾಗಬಾರದು. ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಬೆರೆತಿವೆ. ನೀರು ಎಲ್ಲಿಂದ ಬರುತ್ತಿದೆ ಎಂಬುದು ಒಂದು, ಈಗಿರುವ ಗಾಜನ್ನು ಉಳಿಸಿಕೊಳ್ಳಬೇಕೇ ಬಿಡಬೇಕೇ ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಸಿಗುವುದು ಗಾಜನ್ನು ಒಮ್ಮೆ ಹೊರತೆಗೆದು, ಅದು ಕೂರುವ ತಗಡಿನ ಅಂಚನ್ನು ಬೆಳಕಿನಲ್ಲಿ ನೋಡಿದಾಗ ಮಾತ್ರ. ಅಲ್ಲಿಯವರೆಗೆ ಮೂರನೆಯ ಸಲ ಸಿಲಿಕಾನ್ ಹಚ್ಚಿಸಬೇಡಿ. ಹಚ್ಚಿದಷ್ಟೂ ಮುಂದಿನ ಕೆಲಸ ಕಷ್ಟವಾಗುತ್ತದೆ.

ಪದ್ಮಿನಿ, ಅಂಬಾಸಿಡರ್‌ನಂಥ ಕಾರುಗಳಲ್ಲಿ ಹಿಂಬದಿ ಗಾಜನ್ನು ಹಿಡಿದಿರುವುದು ರಬ್ಬರ್ ಬೀಡಿಂಗ್. ಬೀಡಿಂಗನ್ನು ಅಡ್ಡ ಕೊಯ್ದು ನೋಡಿದರೆ ಎರಡು ಕಡೆ ಎರಡು ತೋಡುಗಳು ಕಾಣುತ್ತವೆ: ಒಂದರಲ್ಲಿ ಗಾಜಿನ ಅಂಚು, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು ಕೂರುತ್ತದೆ. ರಬ್ಬರಿನ ತುಟಿಗಳು ಎರಡನ್ನೂ ಒತ್ತಿ ಹಿಡಿದಿರುವುದರಿಂದಲೇ ನೀರು ಒಳಗೆ ಬರುವುದಿಲ್ಲ. ಸೀಲೆಂಟ್ ಎಂಬ ಕಪ್ಪು ಮುದ್ದೆ ಅಲ್ಲಿ ಉಳಿಯುವ ಸಣ್ಣಪುಟ್ಟ ಸಂದುಗಳನ್ನು ತುಂಬುವ ಸಹಾಯಕನೇ ಹೊರತು ನೀರನ್ನು ತಡೆಯುವ ಮುಖ್ಯ ಭಾಗವಲ್ಲ. ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದ ಮೇಲೆ ಮುಚ್ಚಳವನ್ನು ಎಷ್ಟು ಒತ್ತಿದರೂ ಆವಿ ಸೋರುವಂತೆ, ಮೂವತ್ತು ವರ್ಷ ಬಿಸಿಲು ಕುಡಿದ ಬೀಡಿಂಗ್ ಹೊಸ ಗಾಜನ್ನು ಹಿಡಿಯಲಾರದು. ರಬ್ಬರ್ ಹಳೆಯದಾದಂತೆ ಗಡುಸಾಗುವುದಷ್ಟೇ ಅಲ್ಲ, ಕುಗ್ಗುತ್ತದೆ ಕೂಡ. ಕುಗ್ಗಿದಾಗ ನೇರ ಭಾಗಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ನಾಲ್ಕು ಮೂಲೆಗಳಲ್ಲಿ ತುಟಿ ಗಾಜಿನಿಂದ ಎದ್ದು ನಿಲ್ಲುತ್ತದೆ. ಗಾಜು ಬದಲಿಸುವಾಗ ಬೀಡಿಂಗ್ ಬದಲಿಸದಿರುವುದು ನಿಮ್ಮ ಕಾರಿನಲ್ಲಿ ಆಗಿರುವ ಮೊದಲ ತಪ್ಪು.

ಇನ್ನು ಸಿಲಿಕಾನ್. ಬಚ್ಚಲುಮನೆಯ ಸಿಂಕಿಗೂ ಕಿಟಕಿಗೂ ಹಚ್ಚುವ ಸಾಮಾನ್ಯ ಸಿಲಿಕಾನ್ ಒಣಗುವಾಗ ವಿನೆಗರ್‌ನಂತೆ ಹುಳಿ ವಾಸನೆ ಬರುತ್ತದೆಯಲ್ಲವೇ, ಅದು ಅಸಿಟಿಕ್ ಆಮ್ಲ. ಬಣ್ಣ ಎದ್ದಿರುವ ಕಬ್ಬಿಣದ ತಗಡಿನ ಮೇಲೆ ಅದನ್ನು ಹಚ್ಚಿದರೆ ತುಕ್ಕಿಗೆ ನಾವೇ ಆಮ್ಲ ಎರೆದಂತಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಹೊರಗಿನಿಂದ ಹಚ್ಚಿದ ಸಿಲಿಕಾನ್ ಕೆಲವು ಕಡೆ ಹಿಡಿದು ಕೆಲವು ಕಡೆ ಬಿಟ್ಟಿರುತ್ತದೆ. ಬಿಟ್ಟಲ್ಲಿ ಒಳಹೊಕ್ಕ ನೀರು ಹಿಡಿದಿರುವ ಕಡೆ ಹೊರಹೋಗಲಾರದೆ ಬೀಡಿಂಗಿನ ಕೆಳಗೆ ದಿನಗಟ್ಟಲೆ ನಿಲ್ಲುತ್ತದೆ. ಮುಂದೆ ಬಣ್ಣ ಹೊಡೆಸಬೇಕಾದಾಗ, ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಸಿಲಿಕಾನ್ ಉಳಿದಿದ್ದರೂ ಬಣ್ಣ ಅಲ್ಲಲ್ಲಿ ಗುಂಡಗೆ ಬಿಟ್ಟುಕೊಳ್ಳುತ್ತದೆ. ಪೇಂಟರ್‌ಗಳು ಇದನ್ನು ಫಿಶ್ ಐ ಎನ್ನುತ್ತಾರೆ. ಆದ್ದರಿಂದ ಸಿಲಿಕಾನನ್ನು ಪ್ಲಾಸ್ಟಿಕ್ ಅಲಗಿನಿಂದ ಪೂರ್ತಿ ಕೆರೆದು, ಸಾಲ್ವೆಂಟಿನಲ್ಲಿ ಒರೆಸಿದ ನಂತರವೇ ಎಮೆರಿ ಕಾಗದ ಹಿಡಿಯಬೇಕು. ಮೊದಲೇ ಉಜ್ಜಿದರೆ ಅದು ಇಡೀ ಅಂಚಿಗೆ ಸವರಿಕೊಳ್ಳುತ್ತದೆ.

ನಮ್ಮ ಭಾಗದ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೈಸೂರು, ಮಂಡ್ಯಗಳಲ್ಲಿ ಜೋರಾದ ಮಳೆ ಬೀಳುವುದು ಮುಂಗಾರಿನ ನಟ್ಟನಡುವೆ ಅಲ್ಲ. ಮೇ ತಿಂಗಳ ಗುಡುಗು ಮಳೆ ಒಂದು, ಸೆಪ್ಟೆಂಬರ್ ಅಕ್ಟೋಬರಿನ ಸಂಜೆ ಮಳೆ ಇನ್ನೊಂದು. ಮಾರ್ಚ್ ಏಪ್ರಿಲ್‌ನ ಬಿಸಿಲಿನಲ್ಲಿ ಕಾದು ಸೆಟೆದ ರಬ್ಬರಿನ ಮೇಲೆ ಒಮ್ಮೆಲೇ ಸುರಿಯುವ ಮಳೆ ಬೀಳುತ್ತದೆ. ಬೇಸಿಗೆಯಲ್ಲಿ ಗಾಜು ಹಾಕಿಸಿದವರಿಗೆ ಅದು ಸೋರುತ್ತದೆ ಎಂದು ಗೊತ್ತಾಗುವುದೇ ತಿಂಗಳುಗಳ ನಂತರ, ಅಷ್ಟರಲ್ಲಿ ಗ್ಯಾರೇಜಿನವರೊಂದಿಗೆ ವಾದಿಸುವ ಹಕ್ಕೂ ಹಳಸಿರುತ್ತದೆ. ಸುತ್ತಲಿನ ಹಳ್ಳಿಗಳ ಕಾರುಗಳಲ್ಲಿ ಬೀಡಿಂಗಿನ ಕೆಳತುಟಿಯ ತುಂಬ ಕೆಮ್ಮಣ್ಣಿನ ಧೂಳು, ಕಬ್ಬಿನ ತರಗಿನ ಚೂರು ತುಂಬಿಕೊಂಡು ತೇವವನ್ನು ಹಿಡಿದಿಟ್ಟಿರುವುದನ್ನು ನಾನು ಯಾವಾಗಲೂ ನೋಡುತ್ತೇನೆ. ತುಕ್ಕು ಶುರುವಾಗುವುದು ಬಹುತೇಕ ಅಲ್ಲಿಯೇ, ಗಾಜಿನ ಕೆಳಗಿನ ಎರಡು ಮೂಲೆಗಳಲ್ಲಿ.

ಹಾಗೆಂದು ನಿಮ್ಮ ಕಾರಿನ ನೀರು ಗಾಜಿನಿಂದಲೇ ಬರುತ್ತಿದೆ ಎಂದು ಈಗಲೇ ತೀರ್ಮಾನಿಸುವುದೂ ಸರಿಯಲ್ಲ. ಡಿಕ್ಕಿಯ ಎಡಮೂಲೆಯಲ್ಲಿ ನೀರು ನಿಲ್ಲಲು ಟೇಲ್ ಲ್ಯಾಂಪಿನ ಹಿಂದಿನ ಗ್ಯಾಸ್ಕೆಟ್, ಡಿಕ್ಕಿ ಬಾಗಿಲಿನ ರಬ್ಬರ್, ಮೇಲ್ಛಾವಣಿಯ ಮಳೆನೀರಿನ ಕಾಲುವೆಯ ಬೆಸುಗೆ ಬಿರುಕು, ಇವುಗಳಲ್ಲಿ ಯಾವುದಾದರೂ ಕಾರಣವಾಗಬಹುದು. ಸೀಟು ಒದ್ದೆಯಾಗುತ್ತಿದೆ ಎಂಬುದು ಗಾಜಿನ ಕಡೆಗೆ ಬೆರಳು ತೋರುತ್ತದೆ, ನಿಜ. ಆದರೆ ಗಾಜಿನ ಮೇಲಂಚಿನಲ್ಲಿ ಒಳಬಂದ ನೀರು ತಗಡಿನ ಅಂಚಿನಗುಂಟ ಹರಿದು ಕೆಳಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒದ್ದೆಯಾದ ಜಾಗವನ್ನೇ ಸೋರುವ ಜಾಗವೆಂದು ನಂಬಿ ಅಲ್ಲಿಗೆ ಮುದ್ದೆ ಮೆತ್ತುವುದರಿಂದಲೇ ಅರ್ಧದಷ್ಟು ರಿಪೇರಿಗಳು ವಿಫಲವಾಗುತ್ತವೆ ಎಂಬುದು ನನ್ನ ಅನಿಸಿಕೆ.

ಪರೀಕ್ಷೆಯನ್ನು ನೀವೇ ಮನೆಯಲ್ಲಿ ಮಾಡಬಹುದು. ಹಿಂದಿನ ಸೀಟು, ಅದರ ಹಿಂದಿನ ಹಲಗೆ, ಡಿಕ್ಕಿಯ ಮ್ಯಾಟ್ ಎಲ್ಲವನ್ನೂ ತೆಗೆದು ತಗಡನ್ನು ಒಣಗಿಸಿ. ಗಾಜಿನ ಒಳಸುತ್ತಿನ ತಗಡಿಗೂ ಡಿಕ್ಕಿಯ ಮೂಲೆಗಳಿಗೂ ಟಾಲ್ಕಮ್ ಪೌಡರನ್ನು ತೆಳುವಾಗಿ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ನೀರಿಗೆ ರಭಸ ಬೇಡ, ಪೈಪಿನ ಬಾಯನ್ನು ಬೆರಳಿನಿಂದ ಒತ್ತಿ ಚಿಮ್ಮಿಸಬೇಡಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು ಇಲ್ಲಿನ ಮುಖ್ಯ ನಿಯಮ: ಮೊದಲು ಟೇಲ್ ಲ್ಯಾಂಪು, ನಂತರ ಡಿಕ್ಕಿ ಬಾಗಿಲಿನ ಸುತ್ತು, ಆಮೇಲೆ ಗಾಜಿನ ಕೆಳಂಚು, ಪಕ್ಕಗಳು, ಮೇಲಂಚು, ಕೊನೆಗೆ ಛಾವಣಿ. ಒಂದೊಂದು ಜಾಗದಲ್ಲೂ ಐದು ಹತ್ತು ನಿಮಿಷ ನಿಲ್ಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ನೀರು ಹರಿದ ದಾರಿ ಪೌಡರಿನಲ್ಲಿ ಗೆರೆಯಾಗಿ ಮೂಡುತ್ತದೆ, ಆ ಗೆರೆಯನ್ನು ಹಿಂಬಾಲಿಸಿ ಮೂಲಕ್ಕೆ ಹೋಗಿ.

ಪರೀಕ್ಷೆಯಲ್ಲಿ ಗಾಜಿನ ಸುತ್ತಲೇ ನೀರು ಬರುತ್ತಿದೆ ಎಂದಾದರೆ, ಗಾಜನ್ನು ಹೊರತೆಗೆಯಲೇಬೇಕು. ತೆಗೆಯುವಾಗ ಹಳೆಯ ಬೀಡಿಂಗನ್ನು ಉಳಿಸಲು ಹೋಗಬೇಡಿ. ಅದರ ಹೊರತುಟಿಯನ್ನು ಚಾಕುವಿನಿಂದ ಸುತ್ತಲೂ ಕೊಯ್ದುಬಿಟ್ಟರೆ ಗಾಜು ಸುಲಭವಾಗಿ ಬಿಟ್ಟುಬರುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಮೀಟುವವರನ್ನು ಅಲ್ಲಿಯೇ ತಡೆಯಿರಿ, ಏಕೆಂದರೆ ಹಿಂಬದಿ ಗಾಜಿನ ಸ್ವಭಾವ ಬೇರೆ. ಈಗಿನ ಕಾರುಗಳ ಮುಂದಿನ ಗಾಜು ಲ್ಯಾಮಿನೇಟೆಡ್, ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು. ಒಡೆದರೂ ಜೇಡನ ಬಲೆಯಂತೆ ಬಿರುಕು ಬಿಟ್ಟು ನಿಲ್ಲುತ್ತದೆ. ಹಿಂಬದಿಯದು ಟಫನ್ಡ್ ಗಾಜು. ಅದನ್ನು ಆಕಾರಕ್ಕೆ ಕತ್ತರಿಸಿ ಬಗ್ಗಿಸಿದ ಮೇಲೆ ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸುತ್ತಾರೆ, ಹೀಗಾಗಿ ಹೊರಮೈ ಒಳಕ್ಕೆ ಒತ್ತಿಕೊಂಡಿರುತ್ತದೆ, ಒಳಭಾಗ ಎಳೆದುಕೊಂಡಿರುತ್ತದೆ. ಮುಖದ ಮೇಲೆ ಕೈಯಿಂದ ಗುದ್ದಿದರೂ ಜಗ್ಗದ ಈ ಗಾಜಿಗೆ ಅಂಚಿನಲ್ಲಿ ಒಂದು ಚೂಪಾದ ತಾಗು ಬಿದ್ದರೆ ಸಾಕು, ಇಡೀ ಹಾಳೆ ಕಲ್ಲುಸಕ್ಕರೆ ಚೂರುಗಳಾಗಿ ಉದುರುತ್ತದೆ.

ಅಂಚು ಉಜ್ಜಿಸುವ ಸಲಹೆಗೆ ಇದೇ ಉತ್ತರ. ಟಫನ್ಡ್ ಗಾಜನ್ನು ಕತ್ತರಿಸಲು, ಕೊರೆಯಲು, ಅಂಚು ಸವೆಸಿ ಚಿಕ್ಕದು ಮಾಡಲು ಆಗದು. ಹಾಗೆ ಮಾಡಿಕೊಡುತ್ತೇವೆ ಎನ್ನುವವರ ಮುಂದೆ ಅದು ಒಡೆಯುವುದೇ ಹೆಚ್ಚು, ಒಡೆಯದೆ ಉಳಿದರೂ ಯಾವುದೋ ಹಂಪ್‌ನಲ್ಲಿ, ಯಾವುದೋ ಮಧ್ಯಾಹ್ನದ ಬಿಸಿಲಿನಲ್ಲಿ ತಾನಾಗಿ ಪುಡಿಯಾಗಬಹುದು. ಬಲಗಡೆ ಬಿಗಿಯಾಗಿದೆ ಎಂದರೆ ಒಂದೋ ಗಾಜು ನಿಮ್ಮ ಕಾರಿನದಲ್ಲ, ಇಲ್ಲವೇ ಅದು ಎಡಕ್ಕೆ ಸರಿಯಲು ಏನೋ ಅಡ್ಡಿಯಿದೆ. ಹಳೆಯ ಗಾಜು ಒಡೆದಾಗ ಉದುರಿದ ಒಂದು ಹರಳು ತೋಡಿನಲ್ಲಿ ಉಳಿದಿದ್ದರೂ ಇಂಥ ಬಿಗಿ ಬರುತ್ತದೆ, ಮತ್ತು ಆ ಹರಳೇ ಹೊಸ ಗಾಜಿನ ಅಂಚಿಗೆ ಶತ್ರು. ಆದ್ದರಿಂದ ಗಾಜನ್ನು ತೆಗೆದ ಮೇಲೆ ತಗಡಿನ ಅಂಚು, ಡಿಕ್ಕಿ, ಸೀಟಿನ ಹಿಂಬದಿ ಎಲ್ಲವನ್ನೂ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಸಿ, ಬೀಡಿಂಗ್ ಇಲ್ಲದೆಯೇ ಬರಿ ಗಾಜನ್ನು ಮೆದುವಾದ ಬಟ್ಟೆಯ ತುಂಡುಗಳ ಮೇಲೆ ಅಂಚಿಗೆ ಇಟ್ಟು ನೋಡಿ. ಸುತ್ತಲೂ ಸಂದು ಒಂದೇ ಸಮ ಇರಬೇಕು. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಎದ್ದರೆ ಗಾಜಿನ ಬಾಗು ಬೇರೆ ಎಂದರ್ಥ. ಅಂಥ ಗಾಜನ್ನು ಹಿಂದಿರುಗಿಸಿ, ಯಾವ ರಬ್ಬರೂ ಅದನ್ನು ಸರಿಪಡಿಸಲಾರದು. ವರ್ನಿಯರ್ ಕ್ಯಾಲಿಪರಿನಿಂದ ದಪ್ಪವನ್ನೂ ಅಳೆಸಿ. 5 ಮಿ.ಮೀ. ಗಾಜಿಗೆಂದು ಮಾಡಿದ ಬೀಡಿಂಗಿನಲ್ಲಿ 4 ಮಿ.ಮೀ. ಗಾಜು ಸಡಿಲವಾಗಿ ಕೂತು ಸೋರುತ್ತದೆ. ಮೂಲೆಯಲ್ಲಿ ತಯಾರಕರ ಮುದ್ರೆಯೂ ಐಎಸ್‌ಐ ಗುರುತೂ ಇವೆಯೇ ನೋಡಿ. ಪೋಲರೈಸ್ಡ್ ತಂಪುಕನ್ನಡಕ ಇದ್ದರೆ ಅದನ್ನು ಹಾಕಿಕೊಂಡು ಬೆಳಗಿನ ಅಥವಾ ಸಂಜೆಯ ಆಕಾಶದ ಬೆಳಕಿನಲ್ಲಿ ಗಾಜನ್ನು ಓರೆಯಾಗಿ ನೋಡಿ. ಟಫನ್ಡ್ ಗಾಜಿನಲ್ಲಿ ಮಸುಕು ಮಚ್ಚೆಗಳ ಸಾಲು ಕಾಣುತ್ತದೆ. ಏನೂ ಕಾಣದಿದ್ದರೆ ಅದು ಸಾಮಾನ್ಯ ಗಾಜಿರಬಹುದೆಂದು ಅನುಮಾನಿಸಿ, ಮುದ್ರೆಯನ್ನು ಇನ್ನೊಮ್ಮೆ ಪರೀಕ್ಷಿಸಿ.

ಅಕ್ರಿಲಿಕ್ ಹಾಳೆಯ ವಿಷಯ ಬೇಗ ಮುಗಿಸಬಹುದು. ಬಿಸಿಗೆ ಅದು ಗಾಜಿಗಿಂತ ಸುಮಾರು ಎಂಟು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಅಗಲದ ಹಾಳೆ ರಾತ್ರಿಯ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿ ಏರಿದಾಗ ಹೆಚ್ಚುಕಡಿಮೆ 3 ಮಿ.ಮೀ. ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಯಾವ ಸೀಲೆಂಟೂ ಈ ಎಳೆದಾಟವನ್ನು ಬಹುಕಾಲ ತಡೆಯದು. ಧೂಳು ಒರೆಸಿದಂತೆಲ್ಲ ಗೀರು ಬಿದ್ದು ಹಿಂದಿನ ವಾಹನದ ಹೆಡ್‌ಲೈಟ್ ಇಡೀ ಹಾಳೆಗೆ ಹರಡುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಕೇಳುವುದು ಸುರಕ್ಷತಾ ಗಾಜನ್ನು ಇಲ್ಲವೇ ಮಾನದಂಡಕ್ಕೆ ಒಪ್ಪುವ ಸೇಫ್ಟಿ ಗ್ಲೇಜಿಂಗನ್ನು (ಪ್ಲಾಸ್ಟಿಕ್ ಪದರ ಕೂಡಿದ ಗಾಜು), ಹಿಂಬದಿ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕೆಂದೂ ಅದು ಹೇಳುತ್ತದೆ. ಆರ್‌ಸಿ ನವೀಕರಣದ ಪರಿಶೀಲನೆಗೆ ಅಕ್ರಿಲಿಕ್ ಹಾಕಿಕೊಂಡು ಹೋಗುವುದು ನೀವಾಗಿಯೇ ತಕರಾರನ್ನು ಆಹ್ವಾನಿಸಿದಂತೆ.

ಅಂಟಿನಿಂದ ಕೂರಿಸುವ ಸಲಹೆ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಇಂದಿನ ಕಾರುಗಳ ಗಾಜನ್ನು ಪಾಲಿಯುರಿಥೇನ್, ಗ್ಯಾರೇಜಿನ ಮಾತಿನಲ್ಲಿ ಪಿಯು, ಎಂಬ ಅಂಟಿನಿಂದಲೇ ಕೂರಿಸುತ್ತಾರೆ. ಅದು ಅತ್ಯಂತ ಬಲವಾದ ಜೋಡಣೆ. ಆದರೆ ಅಂಥ ಕಾರುಗಳಲ್ಲಿ ಅಂಟು ಕೂರಲೆಂದೇ ಅಗಲವಾದ ಚಪ್ಪಟೆ ತಗಡಿನ ಹಾಸು ಇರುತ್ತದೆ, ಗಾಜಿನ ಸುತ್ತ ಕಪ್ಪು ಸೆರಾಮಿಕ್ ಪಟ್ಟಿಯಿರುತ್ತದೆ. ಆ ಪಟ್ಟಿ ಅಲಂಕಾರಕ್ಕಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ಪಿಯು ಅಂಟನ್ನು ಕೆಡಿಸುತ್ತವೆ, ಪಟ್ಟಿ ಅದಕ್ಕೆ ನೆರಳು. ನಿಮ್ಮ ಪದ್ಮಿನಿಯ ಗಾಜಿಗೆ ಆ ಪಟ್ಟಿಯಿಲ್ಲ, ತಗಡಿನ ಅಂಚು ಕಿರಿದಾಗಿದ್ದು ರಬ್ಬರಿನ ತೋಡಿಗೆ ತಕ್ಕಂತೆ ಇದೆ. ಅಲ್ಲಿ ಪಿಯು ಹಾಕಿದರೆ ಮೊದಲ ವರ್ಷ ಚೆನ್ನಾಗಿಯೇ ಕಾಣಬಹುದು. ಮುಂದೆ ಗಾಜಿನ ಕಡೆಯಿಂದ ಅಂಟು ಸಡಿಲವಾದಾಗ ಅದು ಕಣ್ಣಿಗೆ ಬೀಳುವುದಿಲ್ಲ. ಅಲ್ಲದೆ ಯಾವುದೋ ದಿನ ಗಾಜು ತೆಗೆಯಬೇಕಾದರೆ ತಂತಿಯಿಂದ ಕೊಯ್ಯಬೇಕು, ಆ ಕೆಲಸದಲ್ಲಿ ಟಫನ್ಡ್ ಗಾಜು ಉಳಿಯುವ ಭರವಸೆ ಕಡಿಮೆ. ಬೀಡಿಂಗಿನ ಒಳಗೆ ಪಿಯು ತುಂಬಿಸುವ ಅಭ್ಯಾಸಕ್ಕೂ ಇದೇ ಆಕ್ಷೇಪಣೆ. ಇಂಥ ಕಾರಿಗೆ ಬೇಕಾದದ್ದು ಬ್ಯೂಟೈಲ್ ರಬ್ಬರ್ ಜಾತಿಯ, ಎಂದೂ ಪೂರ್ತಿ ಗಟ್ಟಿಯಾಗದ ಕಪ್ಪು ವಿಂಡ್‌ಸ್ಕ್ರೀನ್ ಸೀಲೆಂಟ್. ಬಾಡಿ ಅಲುಗಿದಂತೆ ಅದೂ ಅಲುಗುತ್ತದೆ.

ಹಾಗಾದರೆ ಸರಿಯಾದ ಕೆಲಸ ಹೇಗಿರಬೇಕು? ಮೊದಲ ಪಾಲು ಟಿಂಕರಿಂಗ್, ಅಂದರೆ ತಗಡು ಸರಿಪಡಿಸುವ ಕೆಲಸದ್ದು, ಖರ್ಚಿನ ದೊಡ್ಡ ಭಾಗವೂ ಅಲ್ಲಿಯೇ ಹೋಗಬಹುದು ಎಂದು ಸಿದ್ಧರಾಗಿರಿ. ಅಂಚಿನಲ್ಲಿ ಮೇಲ್ಮೈ ತುಕ್ಕು ಮಾತ್ರ ಇದ್ದರೆ ತಂತಿ ಬ್ರಷ್‌ನಿಂದ ಹೊಳೆಯುವ ತಗಡು ಬರುವವರೆಗೆ ತಿಕ್ಕಿ, ಕುಳಿಗಳಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕ ಹಚ್ಚಿ ತೊಳೆದೊಣಗಿಸಿ, ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ. ಸ್ಕ್ರೂ ಡ್ರೈವರಿನ ತುದಿ ಒತ್ತಿದರೆ ತೂತಾಗುವಷ್ಟು ತುಕ್ಕಿದ್ದರೆ ಆ ತುಂಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ತೂತಿನ ಮೇಲೆ ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆದರೆ ನೋಡಲು ಒಂದೇ ಥರ ಕಾಣುತ್ತದೆ. ಆದರೆ ಪುಟ್ಟಿ ನೀರು ಹೀರುತ್ತದೆ, ದಪ್ಪವೂ ಏರುಪೇರಾಗಿ ಬೀಡಿಂಗ್ ಕೂರುವುದಿಲ್ಲ. ಈ ಹಂತದಲ್ಲಿ ಕಾರಿನ ಬಳಿ ನೀವೇ ನಿಂತು ನೋಡಿ, ಅಥವಾ ಫೋನಿನಲ್ಲಿ ಫೋಟೊ ಕಳಿಸಲು ಹೇಳಿ, ಏಕೆಂದರೆ ಬೀಡಿಂಗ್ ಕೂತ ಮೇಲೆ ಒಳಗೆ ಏನಾಗಿದೆ ಎಂದು ಯಾರಿಗೂ ಕಾಣುವುದಿಲ್ಲ. ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಗಾಜು ಹಾಕಲು ಅವಸರಿಸಬೇಡಿ. ಹಸಿ ಬಣ್ಣ ರಬ್ಬರಿಗೆ ಅಂಟಿಕೊಂಡು ಕಿತ್ತುಬರುತ್ತದೆ.

ಬೀಡಿಂಗ್ ಹೊಸದನ್ನೇ ತನ್ನಿ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಮೂಲೆಗಳನ್ನು ಅಚ್ಚಿನಲ್ಲಿ ಎರೆದು ಉಂಗುರದಂತೆ ಪೂರ್ತಿ ಬರುವ ಬೀಡಿಂಗ್ ಸಿಕ್ಕರೆ ಉತ್ತಮ. ಸುರುಳಿಯಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವುದನ್ನು ತಂದರೆ ಒಂದೆರಡು ಸೆಂಟಿಮೀಟರ್ ಉದ್ದ ಬಿಟ್ಟು ಕತ್ತರಿಸಿ, ಒತ್ತಿ ಕೂರಿಸಬೇಕು, ಎಳೆದು ಅಲ್ಲ; ಜೋಡಣೆ ನೇರ ಭಾಗದಲ್ಲಿ ಬರಬೇಕು, ಮೂಲೆಯಲ್ಲಿ ಬರಕೂಡದು. ಕೊಳ್ಳುವ ಮುನ್ನ ಒಂದು ಕಡೆ ಮಡಚಿ ನೋಡಿ, ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೆ ಅದು ಅಂಗಡಿಯಲ್ಲೇ ಮುದಿಯಾದ ಮಾಲು.

ಕೂರಿಸುವ ಕೆಲಸ ಇಬ್ಬರದು. ಬೀಡಿಂಗನ್ನು ಮೊದಲು ಗಾಜಿಗೆ ತೊಡಿಸಿ, ಬಾಡಿಯ ಕಡೆಯ ತೋಡಿನೊಳಗೆ ತೆಳುವಾದ ನೈಲಾನ್ ಹಗ್ಗವನ್ನು ಸುತ್ತಲೂ ಹುದುಗಿಸಿ, ಎರಡೂ ತುದಿ ಕೆಳಗಿನ ನಡುವಿನಲ್ಲಿ ಒಂದರ ಮೇಲೊಂದು ಬಂದು ಒಳಕ್ಕೆ ಇಳಿಬೀಳುವಂತೆ ಬಿಡುತ್ತಾರೆ. ತಗಡಿನ ಅಂಚಿಗೆ ಸೋಪುನೀರು ಸವರಿ, ಹೊರಗಿನವರು ಅಂಗೈಯಿಂದ ಗಾಜನ್ನು ಒತ್ತುತ್ತಿದ್ದಂತೆ ಒಳಗಿನವರು ಹಗ್ಗವನ್ನು ನಿಧಾನವಾಗಿ ಎಳೆಯುತ್ತಾರೆ. ಹಗ್ಗ ಬಿಟ್ಟುಬಂದ ಕಡೆಯಲ್ಲೆಲ್ಲ ರಬ್ಬರಿನ ಒಳತುಟಿ ತಗಡನ್ನು ದಾಟಿ ಕೂರುತ್ತದೆ. ಜಾರಲಿ ಎಂದು ಗ್ರೀಸ್, ಆಯಿಲ್, ಡೀಸೆಲ್ ಸವರುವುದು ನಮ್ಮಲ್ಲಿ ಸಾಮಾನ್ಯ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಹಾಗಾಗಿ ಸೋಪುನೀರನ್ನು ಬಿಟ್ಟು ಬೇರೇನೂ ಬೇಡವೆಂದು ಮೊದಲೇ ಹೇಳಿಬಿಡಿ. ಬೀಡಿಂಗಿನ ಹೊರಮೈಯಲ್ಲಿ ಹೊಳೆಯುವ ಪಟ್ಟಿ ಕೂರುವ ಕಾಲುವೆ ಇದ್ದರೆ ಆ ಪಟ್ಟಿಯನ್ನು ಬಿಡದೆ ಹಾಕಿಸಿ. ಅದು ಕಾಲುವೆಯನ್ನು ಅಗಲಿಸಿ ತುಟಿಗಳನ್ನು ಗಾಜಿಗೆ ಒತ್ತುತ್ತದೆ.

ಸೀಲೆಂಟನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ ಕೆಲಸದವರಲ್ಲೇ ಭಿನ್ನಾಭಿಪ್ರಾಯವಿದೆ. ನಾನು ರಬ್ಬರಿಗೂ ಬಾಡಿಗೂ ನಡುವೆ ಮಾತ್ರ ಮೊದಲು ಹಾಕಿಸುತ್ತೇನೆ, ನೀರಿನ ಪರೀಕ್ಷೆ ಮಾಡುತ್ತೇನೆ, ಗಾಜಿನ ಕಡೆ ಎಲ್ಲಾದರೂ ಹನಿ ಕಂಡರೆ ಹೊರತುಟಿಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ ಅಲ್ಲಿಗೂ ಹಾಕಿಸುತ್ತೇನೆ. ಹೊಸ ರಬ್ಬರ್, ಸರಿಯಾದ ಗಾಜು, ನೇರವಾದ ತಗಡು ಈ ಮೂರೂ ಕೂಡಿದ್ದರೆ ಎರಡನೆಯ ಸುತ್ತಿನ ಅಗತ್ಯ ಬಹಳ ಸಲ ಬೀಳುವುದೇ ಇಲ್ಲ.

ಇಷ್ಟಕ್ಕೆಲ್ಲ ಈಗ ಕೈಯಲ್ಲಿ ಹಣವಿಲ್ಲವೆಂದಾದರೆ, ಮಳೆಗಾಲ ಮುಗಿಯುವವರೆಗೆ ಕಾರನ್ನು ಮಾಡಿನ ಕೆಳಗೆ ನಿಲ್ಲಿಸಿ, ಹೊರತುಟಿಯ ಮೇಲೆ ಅಗಲವಾದ ನೀರುತಡೆ ಟೇಪ್ ಹಚ್ಚಿ, ಒಳಗಿನ ಮ್ಯಾಟ್‌ಗಳನ್ನು ತೆಗೆದಿಟ್ಟು ಕಾಯುವುದು ಇನ್ನಷ್ಟು ಮುದ್ದೆ ಮೆತ್ತುವುದಕ್ಕಿಂತ ಮೇಲು. ಟೇಪ್ ಕಿತ್ತರೆ ಬರುತ್ತದೆ, ಸಿಲಿಕಾನ್ ಬಾರದು. ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣ ದಿನಗಳು ಅನುಕೂಲ. ನಿಮ್ಮ ವಿಮೆ ಥರ್ಡ್ ಪಾರ್ಟಿ ಮಾತ್ರವಾಗಿದ್ದರೆ ಗಾಜಿನ ಖರ್ಚು ಅದರಿಂದ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಇದ್ದರೆ ಕೆಲಸ ಶುರುವಾಗುವ ಮೊದಲೇ ಕಂಪನಿಗೆ ತಿಳಿಸಿ.

ಗಾಜು ಕೂರಿಸಿದ ಮೇಲೆ ಸೀಟಿನ ಸ್ಪಂಜು ಪೂರ್ತಿ ಒಣಗಿದೆಯೇ ಎಂದು ಒತ್ತಿ ನೋಡಿ, ಒಳಗೆ ತೇವ ಉಳಿದಿದ್ದರೆ ಬಿಸಿಲಿಗೆ ಹಾಕಿ. ಫ್ಲೋರಿನ ಫೆಲ್ಟ್ ಹಾಸು ಒದ್ದೆಯಾಗಿದ್ದರೆ ಅದನ್ನು ತೆಗೆದು ಕೆಳಗಿನ ತಗಡನ್ನೂ ನೋಡಿ, ಅಲ್ಲಿಯೂ ತುಕ್ಕು ಎದ್ದಿದ್ದರೆ ಟಿಂಕರ್ ಇರುವಾಗಲೇ ಒಟ್ಟಿಗೆ ಮುಗಿಸಿಕೊಳ್ಳಿ. ಸೀಟನ್ನೂ ಡಿಕ್ಕಿಯ ಮ್ಯಾಟನ್ನೂ ವಾಪಸ್ ಹಾಕುವುದು ಎರಡು ಒಳ್ಳೆಯ ಮಳೆ ಕಳೆದ ನಂತರವೇ ಇರಲಿ, ಅಲ್ಲಿಯವರೆಗೆ ಪೌಡರ್ ಉದುರಿಸಿಯೇ ಇಟ್ಟಿರಿ.